ಅದೇ ಪಿನ್, ಬಣ್ಣ ಮಾತ್ರ ಬೇರೆ ಅಂದ್ಕೊಂಡಿದ್ದೆ

ಮಗನ ಲೆಗೊ ಟೆಕ್ನಿಕ್ (ಗೇರು, ಕೀಲು ಇರುವ ಜೋಡಿಸೋ ಆಟಿಕೆ) ಪೀಸ್‌ಗಳಲ್ಲಿ ಕಟ್ಟಿದ ಪುಟ್ಟ ಕ್ರೇನ್ ಒಂದಿದೆ. ಅದರ ತೋಳು ಎತ್ತಿ ಕೈ ಬಿಟ್ಟರೆ ಸಾಕು, ತಲೆ ತಗ್ಗಿಸಿ ಮಲಗಿಬಿಡುತ್ತಿತ್ತು. ಎರಡು ದಿನ ಬಿಚ್ಚಿದೆ, ಜೋಡಿಸಿದೆ, ಬೈದೆ. ಆಮೇಲೆ ಗೊತ್ತಾಯಿತು, ತಪ್ಪು ಕ್ರೇನಿನದ್ದಲ್ಲ, ನನ್ನದು. ಕೀಲಿನಲ್ಲಿದ್ದ ಎರಡು ಕಪ್ಪು ಪಿನ್, ಅಂದರೆ ತೂತಿಗೆ ತೂರಿಸಿ ಪೀಸ್‌ಗಳನ್ನು ಸೇರಿಸುವ ಗಿಡ್ಡ ಗೂಟ, ಕಳೆದುಹೋಗಿದ್ದವು. ಆ ಜಾಗಕ್ಕೆ ನಾನು ತರಿಸಿದ್ದು ಬೂದು ಪಿನ್. ಉದ್ದ ಅದೇ, ದಪ್ಪ ಅದೇ, ತೂತಿಗೆ ಸಲೀಸಾಗಿ ಕೂರುತ್ತದೆ. ಬಣ್ಣ ಯಾರು ನೋಡ್ತಾರೆ ಬಿಡು ಅಂದುಕೊಂಡಿದ್ದೆ.

ಆ ‘ಸಲೀಸಾಗಿ’ ಅನ್ನೋದೇ ಎಡವಟ್ಟು. ಕಪ್ಪು ಪಿನ್ನಿನ ಮೈಮೇಲೆ ಸಣ್ಣ ಉಬ್ಬುಗೆರೆಗಳಿವೆ. ಅವು ತೂತಿನೊಳಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಬೂದು ಪಿನ್ನಿನ ಮೈ ನುಣುಪು, ಸರಾಗ ತಿರುಗಲಿ ಅಂತಲೇ ಮಾಡಿದ್ದು. ಬಿಡಿಭಾಗಗಳ ಪಟ್ಟಿಯಲ್ಲಿ ಕಪ್ಪಿನದು 2780, ಬೂದಿನದು 3673. ಎರಡೂ ಬೇರೆ ಬೇರೆ ಸಾಮಾನು. ಬಣ್ಣ ಇಲ್ಲಿ ಅಂದಕ್ಕಲ್ಲ, ಗುರುತಿಗೆ.

ಇದಾದ ಮೇಲೆ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಪೀಸ್ ಕಳೆದರೆ, ಅದು ಅಲ್ಲಿ ಏನು ಕೆಲಸ ಮಾಡುತ್ತಿತ್ತು ಅಂತ ಮೊದಲು ನೋಡುವುದು. ಪಿನ್, ಗೇರು, ಆಕ್ಸಲ್ (ಗೇರು, ಚಕ್ರ ಪೋಣಿಸುವ ಕಡ್ಡಿ) ಆದರೆ ರಾಜಿಯೇ ಇಲ್ಲ, ಅದೇ ನಂಬರಿನದ್ದೇ ಬೇಕು. ಗೋಡೆಯ ಒಳಗೆ ಹುದುಗಿ ಹೋಗುವ ಬ್ರಿಕ್ (ಇಟ್ಟಿಗೆಯಂಥ ಪೀಸ್) ಆದರೆ ಹಸಿರಿದ್ದರೂ ಸರಿ, ಕೆಂಪಿದ್ದರೂ ಸರಿ. ಅಷ್ಟೇ ಏಕೆ, ಪ್ಲೇಟ್ ಅನ್ನೋ ತೆಳು ಪೀಸ್ ಮೂರನ್ನು ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಒಂದು ಬ್ರಿಕ್ಕಿನ ಎತ್ತರ. ಪ್ಲೇಟ್ 3.2 ಮಿಲಿಮೀಟರ್, ಬ್ರಿಕ್ 9.6. ಮನೆಯಲ್ಲೇ ಇರುವುದನ್ನು ಪೇರಿಸಿ ಕೆಲಸ ಮುಗಿಸಬಹುದು. ಒಳಗೆ ಅಡಗಿರುವ ಬ್ರಿಕ್ಕಿಗೂ ಒರಿಜಿನಲ್ ಬಣ್ಣವೇ ಬೇಕು ಅಂತ ಹಟ ಹಿಡಿಯುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

ನಂಬರ್ ಸಿಗೋದು ಎಲ್ಲಿ ಅಂದರೆ, ಪೀಸನ್ನು ತಿರುಗಿಸಿ ಬೆಳಕಿಗೆ ಹಿಡಿಯಿರಿ. ಒಳಮೈಯಲ್ಲಿ ಇರುವೆಯಷ್ಟು ಸಣ್ಣ ಅಂಕಿ ಇರುತ್ತದೆ. ಎರಡು ಸಾಲಿನಲ್ಲಿ ಒಟ್ಟು ಎಂಟು ಉಬ್ಬುಗಳಿರುವ ಬ್ರಿಕ್ ಆದರೆ 3001. ಆದರೆ ಅದು ಆಕಾರದ ನಂಬರ್ ಮಾತ್ರ, ಬಣ್ಣ ಅದರಲ್ಲಿಲ್ಲ. ಸೂಚನೆ ಪುಸ್ತಕದ ಕೊನೆಯ ಪುಟಗಳಲ್ಲಿ ಇರುವುದು ಆಕಾರ, ಬಣ್ಣ ಎರಡಕ್ಕೂ ಸೇರಿದ ನಂಬರ್. ಕೆಂಪು 3001ಕ್ಕೆ 300121, ಕಪ್ಪಿಗೆ 300126. ಎಲ್ಲ ಪೀಸ್‌ಗೂ ಈ ಲೆಕ್ಕ ನಡೆಯೋದಿಲ್ಲ, ಎಷ್ಟೋ ಪೀಸ್‌ಗಳಿಗೆ ಇರುವುದು ಏಳಂಕಿಯ ಬೇರೆಯೇ ನಂಬರ್. ಪೀಸೇ ಕಳೆದಿದ್ದರೆ ತಿರುಗಿಸಿ ನೋಡೋದು ಏನನ್ನ ಅಲ್ವಾ? ಅದಕ್ಕೇ ಆ ಪುಸ್ತಕ ರದ್ದಿಗೆ ಹಾಕಬೇಡಿ. ಆಕ್ಸಲ್‌ಗಳ ಚಿತ್ರವನ್ನು ಎಷ್ಟೋ ಪುಸ್ತಕಗಳಲ್ಲಿ ನಿಜವಾದ ಅಳತೆಯಲ್ಲೇ ಹಾಕಿರುತ್ತಾರೆ. ಪುಟದ ಮೇಲಿಟ್ಟು ನೋಡಿದರೆ ಉದ್ದ ಗೊತ್ತಾಗುತ್ತದೆ.

ಬೂದು ಬಣ್ಣದ ತಲೆನೋವು ಬೇರೆಯೇ. 2004ರ ಸುಮಾರಿಗೆ ಲೆಗೊದವರು ಹಳೇ ಬೂದು ಬಿಟ್ಟು ತುಸು ನೀಲಿ ಛಾಯೆಯ ಬೂದು ತಂದರು. ಕಂದು ಬಣ್ಣವನ್ನೂ ಬದಲಿಸಿದರು. ಹಳೇ ಕೋಟೆಯ ಗೋಡೆಗೆ ಹೊಸ ಬೂದು ಬ್ರಿಕ್ ಕೂರಿಸಿದರೆ ತೇಪೆ ಹಾಕಿದ ಅಂಗಿಯ ಹಾಗೆ ಕಾಣುತ್ತದೆ. ಇಲ್ಲಿ ಮಾತ್ರ ನಾನೂ ಹಟಮಾರಿಯೇ. ಕಣ್ಣಿಗೆ ಬೀಳುವ ಜಾಗ ನೋಡಿ! ಆದರೆ ಜೋಡಣೆಗೆ ಏನೂ ತೊಂದರೆ ಇಲ್ಲ. 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಾಲದ ಬ್ರಿಕ್ ಕೂಡ ಇವತ್ತಿನದಕ್ಕೆ ಕೂರುತ್ತದೆ.

ಸರಿಯಾದ ಕಪ್ಪು ಪಿನ್ ಮೊನ್ನೆ ಬಂತು. ಕ್ರೇನ್ ಈಗ ತೋಳೆತ್ತಿ ನಿಲ್ಲುತ್ತದೆ. ತಪ್ಪಾಗಿ ತರಿಸಿದ ಬೂದು ಪಿನ್‌ಗಳನ್ನು ಡಬ್ಬಿಗೆ ಹಾಕೋಣ ಅಂತ ಹುಡುಕಿದರೆ ಸಿಗಲಿಲ್ಲ. ಮಗ ಅವನ್ನಾಗಲೇ ತನ್ನ ಗಾಡಿಯ ಚಕ್ರಗಳಿಗೆ ಹಾಕಿಬಿಟ್ಟಿದ್ದ. ಚೆನ್ನಾಗಿ ತಿರುಗುತ್ತವಂತೆ.