ಯಾರು ಎಲ್ಲಿ ನಕ್ಕರು

ಕೆಲಸ ಹೋಗುವ ವಿಷಯದ ಕಾಮಿಡಿ ಸ್ಕಿಟ್ ನೋಡುವಾಗ ಪರದೆಗಿಂತ ನೋಡುವವರ ಮುಖದಲ್ಲೇ ಮಜಾ ಜಾಸ್ತಿ. ಬೇರೆ ಸ್ಕಿಟ್‌ಗಳು ಹಾಗಲ್ಲ. ಗಂಡ ಹೆಂಡತಿ ಜಗಳವಾದರೆ ಎಲ್ಲರೂ ಒಂದೇ ಜಾಗದಲ್ಲಿ ನಗುತ್ತಾರೆ. ಕುಡುಕನ ಪಾತ್ರ ಬಂದರಂತೂ ಅವನು ಬಾಯಿ ಬಿಡುವ ಮೊದಲೇ ನಗು ಶುರು. ಆದರೆ ಕೆಲಸ ಕಳೆದುಕೊಂಡವನ ಕಥೆಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ನಗುತ್ತಾರೆ. ಕೆಲವರು ನಗುವ ಮೊದಲು ಪಕ್ಕದವರ ಕಡೆ ಒಮ್ಮೆ ನೋಡಿಕೊಳ್ಳುತ್ತಾರೆ, ನಗಬಹುದಾ ಅಂತ.

ಇಂಥ ಸ್ಕಿಟ್‌ಗಳ ಅಚ್ಚು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಬಾಸ್ ಕರೆದಿದ್ದಾರೆ. ಪ್ರಮೋಷನ್ ಇರಬಹುದು ಅಂತ ನಮ್ಮ ನಾಯಕ ತಲೆ ಬಾಚಿಕೊಂಡು ಒಳಗೆ ಹೋಗುತ್ತಾನೆ. ಬಾಸ್ ಪಕ್ಕದಲ್ಲಿ ಎಚ್‌ಆರ್‌ನವರು ಕೂತಿದ್ದಾರೆ. ಮೇಜಿನ ಮೇಲೆ ಟಿಶ್ಯೂ ಡಬ್ಬ. ಬಾಸ್ ಒಂದು ಹಾಳೆ ಹಿಡಿದು ಓದಲು ಶುರು ಮಾಡುತ್ತಾರೆ. ನೀವು ಸಂಸ್ಥೆಯ ಆಸ್ತಿ, ನಿಮ್ಮ ಕೊಡುಗೆ ಮರೆಯುವಂಥದ್ದಲ್ಲ, ಇದು ನಮಗೂ ತುಂಬಾ ಕಷ್ಟದ ನಿರ್ಧಾರ. ಇಷ್ಟೆಲ್ಲಾ ಹೇಳಿ ಕೊನೆಗೆ ಹೆಸರು ತಪ್ಪು ಓದುತ್ತಾರೆ. ನಾಯಕ ಮೆಲ್ಲಗೆ ಸರಿಪಡಿಸುತ್ತಾನೆ. ಅಷ್ಟರಲ್ಲಿ ಬಾಸ್ ಕಣ್ಣಲ್ಲೇ ನೀರು. ಟಿಶ್ಯೂ ಡಬ್ಬವನ್ನು ನಾಯಕನೇ ಅವರ ಕಡೆ ತಳ್ಳಿ, "ಪರವಾಗಿಲ್ಲ ಸರ್, ಧೈರ್ಯ ತಗೊಳ್ಳಿ" ಅನ್ನುತ್ತಾನೆ. ಕೆಲಸ ಹೋದವನು ಕೆಲಸ ತೆಗೆದವನನ್ನು ಸಮಾಧಾನ ಮಾಡುವ ಈ ಜಾಗದಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ನಗುತ್ತಾರೆ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ.

ಹೊರಡುವ ಮುನ್ನ ವಸ್ತು ವಾಪಸ್ ಕೊಡುವ ದೃಶ್ಯ ಬರುತ್ತದೆ. ಎಚ್‌ಆರ್‌ನವರು ಪಟ್ಟಿ ಹಿಡಿದು ಟಿಕ್ ಹಾಕುತ್ತಿದ್ದಾರೆ. ಲ್ಯಾಪ್‌ಟಾಪ್, ಮೌಸ್, ಹೆಡ್‌ಫೋನ್, ಚಾರ್ಜರ್. ಚಾರ್ಜರ್ ಕೊಡುವಾಗ ನಾಯಕ ಒಂದು ಗಳಿಗೆ ಕೈ ತಡೆಯುತ್ತಾನೆ. "ಇದು ನಂದೇ ಮೇಡಂ. ಆಫೀಸಿನದು ಕೆಟ್ಟುಹೋಗಿತ್ತು, ನಾನೇ ದುಡ್ಡು ಕೊಟ್ಟು ತಗೊಂಡಿದ್ದೆ." ಮೇಡಂ ಪಟ್ಟಿ ತೋರಿಸಿ, "ಇಲ್ಲಿ ಚಾರ್ಜರ್ ಒಂದು ಅಂತ ಇದೆಯಲ್ಲ" ಅನ್ನುತ್ತಾರೆ. ಅವನು ಕೊಟ್ಟುಬಿಡುತ್ತಾನೆ. ಅಷ್ಟೇ ದೃಶ್ಯ. ಮುಖ ಕಿವುಚುವುದಿಲ್ಲ, ಜೋಕು ಹೊಡೆಯುವುದಿಲ್ಲ. ಎಷ್ಟೋ ಜನರಿಗೆ ಇಲ್ಲಿ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ಆದರೆ ಗುಂಪಿನಲ್ಲಿ ಒಬ್ಬರೋ ಇಬ್ಬರೋ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವರನ್ನು ಗುರುತಿಟ್ಟುಕೊಳ್ಳಿ. ಅವರು ಯಾವತ್ತೋ ಅಂಥ ಪಟ್ಟಿಯ ಮುಂದೆ ನಿಂತವರು.

ಹೆಸರು ತಪ್ಪು ಓದಿದಾಗ ಜೋರಾಗಿ ನಗುವವರು ಬೇರೆ. ಅವರು ಸಾಮಾನ್ಯವಾಗಿ ದೊಡ್ಡ ಸಂಸ್ಥೆಯ ನೌಕರರು. ಇನ್ನು ಕೆಲವರು ನಗುವ ಗೋಜಿಗೇ ಹೋಗದೆ ತನಿಖೆಗೆ ಇಳಿಯುತ್ತಾರೆ. "ನೋಟಿಸ್ ಪೀರಿಯಡ್ ಕೊಡಲಿಲ್ವಾ? ಹಾಗೆ ಏಕಾಏಕಿ ತೆಗೆಯೋಕೆ ಆಗಲ್ಲ. ಗ್ರಾಚ್ಯುಟಿ ಏನಾಯ್ತು?" ಇವರಿಗೆ ಸ್ಕಿಟ್ ಅಂದರೆ ಲೋಪ ಇರುವ ಒಂದು ಫೈಲು. ಉಪದೇಶಕರೂ ಇದ್ದೇ ಇರುತ್ತಾರೆ. "ಅವನು ಮೊದಲೇ ಹೊಸದೇನಾದರೂ ಕಲಿತಿದ್ದರೆ ಹೀಗಾಗುತ್ತಿರಲಿಲ್ಲ" ಎಂದು ಇಲ್ಲದ ಮನುಷ್ಯನಿಗೆ ಬುದ್ಧಿ ಹೇಳುತ್ತಾರೆ. ಸುಮ್ನೆ ಹೇಳುವುದಲ್ಲ ಅದು. ನನಗೆ ಹೀಗಾಗಲ್ಲ ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿರುತ್ತಾರೆ, ಪಾಪ.

ಮ್ಯಾನೇಜರ್ ಕುರ್ಚಿಯಲ್ಲಿ ಕೂತವರು ನೋಡುವ ರೀತಿಯೇ ಬೇರೆ. ಅವರ ಕಣ್ಣು ನಾಯಕನ ಮೇಲೆ ಇರುವುದಿಲ್ಲ, ಬಾಸ್ ಮೇಲಿರುತ್ತದೆ. "ಅವನದ್ದೂ ಕಷ್ಟಾನೇ ಅಲ್ವಾ? ಮೇಲಿನವರು ಹೇಳಿದ್ದನ್ನ ಮಾಡಬೇಕು" ಅನ್ನುತ್ತಾರೆ. ಯಾರೂ ಹೌದು ಅನ್ನುವುದಿಲ್ಲ. ಅವರು ಹೇಳುವುದರಲ್ಲಿ ಸುಳ್ಳಿಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ಅವರ ಪರ ವಹಿಸಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗೂ ಬರುವುದಿಲ್ಲ.

ರಾಬರ್ಟ್ ಪ್ರೊವೈನ್ ಎಂಬ ಅಮೆರಿಕನ್ ವಿಜ್ಞಾನಿ ನಗುವಿನ ಹಿಂದೆ ಬಿದ್ದಿದ್ದರು. ಪ್ರಯೋಗಾಲಯ ಬಿಟ್ಟು ಜನ ಸೇರುವ ಜಾಗಗಳಿಗೆ ಹೋಗಿ, ಯಾರು ಯಾವ ಮಾತಿಗೆ ನಗುತ್ತಾರೆ ಅಂತ ಬರೆದುಕೊಳ್ಳುತ್ತಿದ್ದರು. ನಾವು ನಗುವ ಹೆಚ್ಚಿನ ಮಾತುಗಳಲ್ಲಿ ಜೋಕೇ ಇರುವುದಿಲ್ಲ, ಒಬ್ಬರೇ ಇದ್ದಾಗ ನಗುವುದಕ್ಕಿಂತ ಜನರ ನಡುವೆ ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಅನ್ನುವುದು ಅವರು ಕಂಡುಕೊಂಡ ಸಂಗತಿ. ಅಂದರೆ ನಗು ಅರ್ಧ ಪಾಲು ಪಕ್ಕದವರಿಗೆ ಕೊಡುವ ಸುದ್ದಿ. ನಾನೂ ಇಲ್ಲೇ ಇದ್ದೇನೆ, ನನಗೂ ಗೊತ್ತು ಅಂತ. ಚಾರ್ಜರ್ ದೃಶ್ಯಕ್ಕೆ ನಕ್ಕವರಿಬ್ಬರು ತಕ್ಷಣ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರಲ್ಲ, ಅದು ಇದೇ. ಅಲ್ಲಿಯವರೆಗೆ ಅವರಿಗೆ ಪರಿಚಯ ಕೂಡ ಇರುವುದಿಲ್ಲ.

ಟಿವಿ ಹಾಸ್ಯ ಧಾರಾವಾಹಿಗಳಲ್ಲಿ ಜನ ನಕ್ಕಂತೆ ಸದ್ದು ಸೇರಿಸುವ ಪದ್ಧತಿಯಿದೆ. ಚಾರ್ಲ್ಸ್ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ 1950ರ ದಶಕದಲ್ಲಿ ಅದಕ್ಕೆಂದೇ ಒಂದು ಯಂತ್ರ ಮಾಡಿದ್ದರು. ಕೀಲಿ ಒತ್ತಿದರೆ ಬೇಕಾದ ನಗು ಬರುತ್ತಿತ್ತು. ಸಣ್ಣ ನಗು, ದೊಡ್ಡ ನಗು, ಹೆಂಗಸಿನ ನಗು. ಈ ಸ್ಕಿಟ್‌ಗೆ ಅದನ್ನು ಹಾಕಿದರೆ ಕೆಟ್ಟೇಹೋಗುತ್ತದೆ. ಎಲ್ಲಿ ನಗಬೇಕು ಅಂತ ಯಾರೂ ಹೇಳದೇ ಇದ್ದಾಗಲೇ ಅದರ ರುಚಿ.

ಸ್ಕಿಟ್ ಬರೆಯುವವರ ಕಷ್ಟವೂ ಸಣ್ಣದಲ್ಲ. ಎಷ್ಟೇ ಉಪ್ಪುಖಾರ ಹಚ್ಚಿದರೂ ವಾಸ್ತವ ಅದಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಕಂಪನಿಯ ಮುಖ್ಯಸ್ಥ ಸುಮಾರು 900 ಜನರನ್ನು ಒಂದೇ ವಿಡಿಯೊ ಕರೆಗೆ ಕರೆದು, ಈ ಕರೆಯಲ್ಲಿ ನೀವಿದ್ದೀರಿ ಅಂದರೆ ನಿಮ್ಮ ಕೆಲಸ ಹೋಯಿತು ಅಂತ ಅರ್ಥ ಎಂದು ಹೇಳಿ ಮುಗಿಸಿದ್ದ. ಕೆಲವೇ ನಿಮಿಷದ ಕೆಲಸ. ಸ್ಕಿಟ್‌ನಲ್ಲಿ ಇದನ್ನು ಹಾಗೇ ಇಟ್ಟರೆ, "ಏನೋ ಜಾಸ್ತಿ ಆಯ್ತಪ್ಪ, ಹೀಗೆಲ್ಲಾ ಎಲ್ಲಿ ನಡೆಯುತ್ತೆ" ಎಂದು ನೋಡುವವರೇ ಮೂಗು ಮುರಿಯುತ್ತಾರೆ.

ಈ ದುಃಖಕ್ಕೆ ಅಂಕ ಕೊಟ್ಟವರೂ ಇದ್ದಾರೆ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳ ಪಟ್ಟಿ ಮಾಡಿ, ಯಾವುದರಿಂದ ಮನುಷ್ಯನಿಗೆ ಎಷ್ಟು ಒತ್ತಡ ಅಂತ ನಮೂದಿಸಿದರು. ಸಂಗಾತಿಯ ಸಾವಿಗೆ 100. ವಿಚ್ಛೇದನಕ್ಕೆ 73. ಕೆಲಸದಿಂದ ತೆಗೆದುಹಾಕಿದರೆ 47. ಮದುವೆಯಾದರೆ 50. ಇದನ್ನು ಯಾವ ಕೂಟದಲ್ಲಿ ಹೇಳಿದರೂ ಒಂದು ನಗು ಗ್ಯಾರಂಟಿ. ಮದುವೆಯಾದವರು ಅತ್ತಿತ್ತ ನೋಡದೆ ನಗುತ್ತಾರೆ. ಆದರೆ ಲೆಕ್ಕದಲ್ಲಿ ಒಂದು ಕೊರತೆ ಇದೆ ಅಂತ ನನಗೆ ಅನಿಸುತ್ತದೆ. ಮದುವೆಯ 50ಕ್ಕೆ ನೂರಾರು ಜನ ಬಂದು ಶುಭ ಹಾರೈಸುತ್ತಾರೆ. ಈ 47ಕ್ಕೆ ಏನು ಹೇಳಬೇಕು ಅಂತ ಯಾರಿಗೂ ಗೊತ್ತಿಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತೆ, ಎಲ್ಲಾ ಒಳ್ಳೇದಕ್ಕೇ, ನಿನ್ನಂಥವನಿಗೆ ಕೆಲಸಕ್ಕೇನು ಬರ. ಇಂಥ ಮಾತುಗಳನ್ನು ಎರಡು ದಿನ ಕೇಳಿದವನಿಗೆ ಸ್ಕಿಟ್ಟೇ ವಾಸಿ ಅನಿಸಿದರೆ ಆಶ್ಚರ್ಯವಿಲ್ಲ. ಅದು ಕನಿಷ್ಠ ಸಮಾಧಾನ ಹೇಳುವುದಿಲ್ಲ.

ಈಗ ಬರುತ್ತದೆ ದೊಡ್ಡ ಸಂಕಟ. ಸ್ಕಿಟ್ ಚೆನ್ನಾಗಿದೆ, ಫೋನಿನಲ್ಲಿದೆ, ಯಾರಿಗೆ ಕಳಿಸುವುದು? ಕೆಲಸ ಇರುವ ಗೆಳೆಯನಿಗೆ ಕಳಿಸಿದರೆ, "ಏನೋ, ನಮ್ಮ ಕಂಪನಿ ಬಗ್ಗೆ ಏನಾದ್ರೂ ಕೇಳಿದ್ಯಾ?" ಅಂತ ತಕ್ಷಣ ಫೋನ್ ಬರುತ್ತದೆ. ಕೆಲಸ ಹೋದ ಗೆಳೆಯನಿಗೆ ಕಳಿಸುವಂತಿಲ್ಲ. ಹೋಗಿ ಎರಡು ವಾರವಾಗಿದ್ದರೆ ಅದು ಕ್ರೌರ್ಯ. ಎರಡು ವರ್ಷವಾಗಿ ಬೇರೆ ಕೆಲಸ ಸಿಕ್ಕಿದ್ದರೆ ಹಬ್ಬ. ನಡುವೆ ಎಲ್ಲೋ ಒಂದು ಗೆರೆ ಇದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕ ಪೀಟರ್ ಮೆಗ್ರಾ ಮತ್ತು ಅವರ ಸಂಗಡಿಗರು ಇಂಥದ್ದೇ ಗೆರೆ ಹುಡುಕಲು ಹೊರಟಿದ್ದರು. 2012ರಲ್ಲಿ ಅಮೆರಿಕಕ್ಕೆ ಬಡಿದ ಸ್ಯಾಂಡಿ ಚಂಡಮಾರುತದ ಬಗೆಗಿನ ಜೋಕುಗಳನ್ನು ಜನರಿಗೆ ಬೇರೆ ಬೇರೆ ದಿನ ತೋರಿಸಿದರು. ಅನಾಹುತ ನಡೆದ ಹೊಸದರಲ್ಲಿ ಅವು ಅಷ್ಟಾಗಿ ನಗಿಸಲಿಲ್ಲ. ಒಂದು ತಿಂಗಳು ದಾಟುವ ಹೊತ್ತಿಗೆ ಅವೇ ಜೋಕು ಎಲ್ಲಕ್ಕಿಂತ ಜಾಸ್ತಿ ನಗಿಸಿದವು. ಇನ್ನಷ್ಟು ದಿನ ಕಳೆದಾಗ ಮತ್ತೆ ಸಪ್ಪೆಯಾದವು. ತೀರಾ ಹತ್ತಿರವಿದ್ದರೆ ನೋವು, ತೀರಾ ದೂರ ಹೋದರೆ ಯಾರಿಗೆ ಬೇಕು ಅನ್ನುವ ಉದಾಸೀನ.

ಚಂಡಮಾರುತಕ್ಕೆ ಒಂದು ತಿಂಗಳು ಸರಿ. ಕೆಲಸ ಹೋದದ್ದಕ್ಕೆ ಎಷ್ಟು? ಅದು ಬ್ಯಾಂಕಿನಲ್ಲಿ ಎಷ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ ಅಂತ ನನ್ನ ಅಂದಾಜು. ಆರು ತಿಂಗಳ ಖರ್ಚು ಕೈಯಲ್ಲಿ ಇರುವವನು ವಾರದಲ್ಲೇ ನಕ್ಕಾನು. ತಿಂಗಳ ಕಂತು ತಲೆಯ ಮೇಲೆ ತೂಗುತ್ತಿರುವವನಿಗೆ ಗೆರೆ ದಾಟಲು ಕಾಲವೊಂದೇ ಸಾಲದು.

ಒಂದು ವಿನಾಯಿತಿ ಇದೆ. ಕೆಲಸ ಕಳೆದುಕೊಂಡವನು ತಾನೇ ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು. "ನೋಡಿ, ಇದು ನಾನೇ" ಅಂತ ಒಂದು ಸಾಲು ಸೇರಿಸಿ ಬೆಳಗಿನ ಜಾವ ಕಳಿಸುತ್ತಾನೆ. ಆಗ ಒದ್ದಾಡುವ ಸರದಿ ಉಳಿದವರದು. ನಗುವ ಮುಖ ಹಾಕಿದರೆ ಒರಟು. ಅಳುವ ಮುಖ ಹಾಕಿದರೆ ಅವನು ಕಷ್ಟಪಟ್ಟು ಮಾಡಿದ ತಮಾಷೆ ಹಾಳು. ಕೊನೆಗೆ ಎಲ್ಲರೂ ನಗುತ್ತಾ ಕಣ್ಣೀರು ಸುರಿಸುವ ಆ ಹಳದಿ ಮುಖದ ಮೊರೆ ಹೋಗುತ್ತಾರೆ. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಪದವನ್ನೇ ಬಿಟ್ಟು ಆ ಮುಖವನ್ನು ವರ್ಷದ ಪದ ಅಂತ ಆರಿಸಿದ್ದು ಸುಮ್ನೆ ಅಲ್ಲ. ಎರಡೂ ಕಡೆ ಸಲ್ಲುವ ಮುಖ ಅದು.

ಸ್ಕಿಟ್‌ನ ಕೊನೆಯ ದೃಶ್ಯ ಗೇಟಿನದು. ನಾಯಕ ಕಾರ್ಡ್ ತೋರಿಸುತ್ತಾನೆ, ಬಾಗಿಲು ತೆಗೆಯುವುದಿಲ್ಲ. ಆಗಲೇ ಕಾರ್ಡ್ ಬಂದ್ ಮಾಡಿದ್ದಾರೆ. ಒಳಗೆ ಬಿಡದಿದ್ದರೆ ಸರಿ, ಹೊರಗೆ ಹೋಗಲೂ ಬಿಡುತ್ತಿಲ್ಲ! ಸೆಕ್ಯುರಿಟಿಯವನು ಎದ್ದು ಬಂದು ಬಾಗಿಲು ತೆಗೆದು ಅಭ್ಯಾಸಬಲದಿಂದ, "ನಾಳೆ ಸಿಗೋಣ ಸರ್" ಅನ್ನುತ್ತಾನೆ. ಇವನು "ಆಯ್ತಪ್ಪ" ಅನ್ನುತ್ತಾನೆ. ಮುಗಿಯಿತು. ಇಲ್ಲಿ ಯಾರೂ ಜೋರಾಗಿ ನಗುವುದಿಲ್ಲ.

ಸ್ಕಿಟ್‌ಗಳು ಗೇಟಿನಲ್ಲೇ ಯಾಕೆ ಮುಗಿಯುತ್ತವೆ? ಕಾಮಿಡಿಗೆ ಅವಸರ ಬೇಕು. ಗೇಟಿನಾಚೆ ಅವಸರವೇ ಇಲ್ಲ. ಆಸ್ಟ್ರಿಯಾದಲ್ಲಿ ವಿಯೆನ್ನಾ ಹತ್ತಿರದ ಮಾರಿಯೆಂಥಾಲ್ ಎಂಬ ಊರಿನ ಬಟ್ಟೆ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, ಮಾರಿ ಯಾಹೋಡ ಎಂಬ ಸಂಶೋಧಕಿ ಮತ್ತು ಜೊತೆಗಾರರು ಅಲ್ಲಿನ ದಿನಚರಿಯನ್ನು ಹತ್ತಿರದಿಂದ ನೋಡಿ 1933ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ ಅಂತಲೂ ಅಳೆದರು. ಗಂಡಸರ ನಡಿಗೆ ನಿಧಾನವಾಗಿತ್ತು, ನಡುನಡುವೆ ನಿಲ್ಲುತ್ತಿದ್ದರು. ಗಡಿಯಾರ ಕಟ್ಟುವುದನ್ನೇ ಎಷ್ಟೋ ಜನ ಬಿಟ್ಟಿದ್ದರು. ಓದಲು ಸಮಯ ಬೇಕಾದಷ್ಟು ಇತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಮೊದಲಿಗಿಂತ ಕಮ್ಮಿಯಾಗಿತ್ತು. ಬೆಳಿಗ್ಗೆಯಿಂದ ಏನು ಮಾಡಿದಿರಿ ಅಂದರೆ ಹೇಳಲು ಏನೂ ಇರುತ್ತಿರಲಿಲ್ಲ. ಹೆಂಗಸರು ಮಾತ್ರ ಚುರುಕಾಗೇ ನಡೆಯುತ್ತಿದ್ದರು. ಕಾರ್ಖಾನೆ ಮುಚ್ಚಿತೇ ಹೊರತು ಮನೆಗೆಲಸ ಮುಚ್ಚಿರಲಿಲ್ಲವಲ್ಲ.

ಅದಕ್ಕೇ ಇರಬೇಕು, ಸ್ಕಿಟ್ ಮುಗಿದ ಮೇಲೆ ಸರಿಯಾದ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಂಗಸರು. ಒಮ್ಮೆ ಎಂಟ್ಹತ್ತು ಜನ ಸೇರಿ ಇಂಥದ್ದೊಂದು ನೋಡಿದೆವು. ನೋಟಿಸ್ ಪೀರಿಯಡ್‌ನವರು, ಉಪದೇಶದವರು, ಬಾಸ್ ಪರದವರು ಎಲ್ಲಾ ತಮ್ಮ ತಮ್ಮ ಪಾಲಿನದು ಹೇಳಿ ಮುಗಿಸಿದ್ದರು. ಹಿಂದೆ ಕೂತಿದ್ದ ಅಕ್ಕ ಒಬ್ಬರು, "ಅಲ್ಲ, ಇವನು ಮನೇಲಿ ಹೇಳಿದ್ನಾ?" ಅಂತ ಕೇಳಿದರು. ಸ್ಕಿಟ್‌ನಲ್ಲಿ ಅದು ಇರಲಿಲ್ಲ. ಹೇಳಿರುತ್ತಾನೆ ಅಂತ ಒಬ್ಬರು, ರಾತ್ರಿ ಊಟ ಆದ ಮೇಲೆ ಹೇಳಿರುತ್ತಾನೆ ಅಂತ ಇನ್ನೊಬ್ಬರು. ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬ ಥಟ್ಟನೆ ಬಾಯಿ ಹಾಕಿದ. "ಹೇಳಿರಲ್ಲ. ಮಾರನೇ ದಿನ ಖಾಲಿ ಬ್ಯಾಗ್ ಹಾಕ್ಕೊಂಡು ಅದೇ ಟೈಮಿಗೆ ಮನೆ ಬಿಟ್ಟಿರ್ತಾನೆ. ಬ್ಯಾಗ್ ಹಗುರ ಅಂತ ಗೊತ್ತಾಗಬಾರದಲ್ಲ, ಒಳಗೆ ಎರಡು ಹಳೇ ಪುಸ್ತಕ ಇಟ್ಕೊಂಡಿರ್ತಾನೆ."

ಎಲ್ಲರೂ ಅವನ ಕಡೆ ತಿರುಗಿದರು. "ಯಾವ್ದೋ ಸಿನಿಮಾದಲ್ಲಿ ನೋಡಿದ್ದೆ" ಅಂದ. ಯಾವ ಸಿನಿಮಾ ಅಂತ ಅಕ್ಕ ಬಿಡದೆ ಕೇಳಿದರು. ಹೆಸರು ಮರೆತಿದೆ ಅಂದ. ಹೀರೊ ಯಾರು ಅಂದರೆ ಅದೂ ಮರೆತಿದೆ ಅಂದ.