ಸತ್ಯಾಂಶ: ನಿಮಗೆ ನೀವೇ ಪೋಸ್ಟ್ ಮಾಡಿಕೊಂಡರೆ ಕಾಪಿರೈಟ್ ಸಿಗುತ್ತದೆಯೇ?

"ನಿಮ್ಮ ಕಥೆ, ಕಂಪನಿ ಹೆಸರು, ಹೊಸ ಯಂತ್ರದ ನಕ್ಷೆ, ಏನೇ ಇರಲಿ, ಕವರ್‌ನಲ್ಲಿ ಹಾಕಿ ನಿಮ್ಮ ವಿಳಾಸಕ್ಕೇ ಕಳಿಸಿ. ಒಡೆಯದೆ ಇಡಿ. ಅಂಚೆ ಮುದ್ರೆಯೇ ಹಕ್ಕುಪತ್ರ." ವಾಟ್ಸಾಪ್‌ನಲ್ಲಿ ಸುತ್ತುವ ಈ ಮಾತು ನಿಜವಲ್ಲ.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಥೆ ಬರೆದಾಗಲೇ ಹಕ್ಕು ನಿಮ್ಮದು. ನೋಂದಣಿ ಕೂಡ ಕಡ್ಡಾಯವಲ್ಲ. ನೀವಿರುವವರೆಗೆ, ಆಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಮತ್ತೆ ನೋಂದಣಿ ಯಾಕೆ? ಜಗಳ ಕೋರ್ಟಿಗೆ ಹೋದರೆ ಕಾಪಿರೈಟ್ ಕಚೇರಿಯ ರಿಜಿಸ್ಟರನ್ನು ಮೇಲ್ನೋಟದ ಸಾಕ್ಷ್ಯವಾಗಿ, ಅಂದರೆ ತಪ್ಪೆಂದು ಸಾಬೀತಾಗುವವರೆಗೆ ನಂಬುವ ಸಾಕ್ಷ್ಯವಾಗಿ, ಒಪ್ಪುತ್ತಾರೆ. ಕವರ್‌ಗೆ ಕಾಯ್ದೆಯಲ್ಲಿ ಆ ಸ್ಥಾನವಿಲ್ಲ. ಖಾಲಿ ಕವರನ್ನು ಅಂಟಿಸದೆ ಕಳಿಸಿ, ಆಮೇಲೆ ಏನು ಬೇಕಾದರೂ ತುಂಬಬಹುದು, ಅಲ್ವಾ? ಕಥೆ, ಕವನಕ್ಕೆ ನೋಂದಣಿ ಶುಲ್ಕ 500 ರೂಪಾಯಿ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಡೈರಿ ನಂಬರ್ (ಅರ್ಜಿಗೆ ಕೊಡುವ ಸಂಖ್ಯೆ) ಬಂದ ಮೇಲೆ ಬೇರೆಯವರ ಆಕ್ಷೇಪಣೆಗಾಗಿ 30 ದಿನ ಕಾಯುತ್ತಾರೆ.

ಕಂಪನಿ ಹೆಸರಿಗೆ ಬೇಕಾದದ್ದು ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರದ ಹೆಸರು, ಗುರುತಿನ ನೋಂದಣಿ. ಅದು 10 ವರ್ಷದ್ದು, ನವೀಕರಿಸುತ್ತಾ ಹೋಗಬಹುದು. ಬೋರ್ಡು ಬರೆಸುವ ಮುಂಚೆ ಸರ್ಕಾರದ ಐಪಿ ಇಂಡಿಯಾ ತಾಣದಲ್ಲಿ ಅದೇ ಹೆಸರು ಇದೆಯಾ ಅಂತ ಹುಡುಕಿ. ಹುಡುಕಲು ದುಡ್ಡು ಬೇಡ.

ಯಂತ್ರದ ವಿಷಯದಲ್ಲಂತೂ ಕವರ್ ನಂಬಿ ಸುಮ್ನೆ ಕೂರುವುದು ಜಾಸ್ತಿ ಅಪಾಯ. ಅದಕ್ಕೆ ಬೇಕಾದದ್ದು ಪೇಟೆಂಟ್, ಅಂದರೆ ಹೊಸ ಆವಿಷ್ಕಾರದ ಮೇಲಿನ ಹಕ್ಕು. ಅದರಲ್ಲಿ ಅರ್ಜಿ ಹಾಕಿದ ದಿನವೇ ಮುಖ್ಯ. ಪೇಟೆಂಟ್‌ನ 20 ವರ್ಷದ ಅವಧಿ ಶುರುವಾಗುವುದೂ ಅಲ್ಲಿಂದಲೇ. ಅದಕ್ಕೂ ಮುಂಚೆ ಯೂಟ್ಯೂಬ್‌ನಲ್ಲಿ ತೋರಿಸಿಬಿಟ್ಟರೆ ಪೇಟೆಂಟೇ ಕೈತಪ್ಪಬಹುದು. ವಿನ್ಯಾಸ ಇನ್ನೂ ಪೂರ್ತಿಯಾಗಿಲ್ಲವೇ? ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರ ಕೊಡಬಹುದು. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ.