ವಿಂಗರ್ ಹುಡುಗನನ್ನು ವಿಂಗಿನಲ್ಲೇ ಬಿಡಿ

ಬೆಳಿಗ್ಗೆ ಗ್ರೌಂಡಿನಿಂದ ಬಂದಾಗಿನಿಂದ ತಲೆ ಬಿಸಿಯಾಗಿದೆ. ಇದನ್ನು ಬರೆದು ಮುಗಿಸದೆ ಊಟ ಸೇರುವುದಿಲ್ಲ.

ಭಾನುವಾರ ನಾನು ಹುಡುಗರ ಫುಟ್ಬಾಲ್ ಮ್ಯಾಚ್ ನೋಡಲು ಹೋಗುತ್ತೇನೆ ಅಂತ ನಿಮಗೆಲ್ಲ ಗೊತ್ತು. ಅಲ್ಲಿ 15 ವರ್ಷದ ಒಬ್ಬ ರೈಟ್ ವಿಂಗರ್ ಇದ್ದಾನೆ, ಅಂದರೆ ಬಲಗಡೆ ಲೈನ್ ಪಕ್ಕ ಆಡುವವನು. ಹೆಸರು ಬೇಡ, ಇನ್ನೂ ಚಿಕ್ಕವನು. ಲೈನ್ ಪಕ್ಕ ಚೆಂಡು ಸಿಕ್ಕರೆ ಒಂದು ಕ್ಷಣ ಸುಮ್ನೆ ನಿಲ್ಲುತ್ತಾನೆ, ಎದುರಿನ ಡಿಫೆಂಡರ್ ಕೂಡ ನಿಲ್ಲುವವರೆಗೆ ಕಾಯುತ್ತಾನೆ, ಆಮೇಲೆ ಹಾರುತ್ತಾನೆ. ಇವತ್ತು ಫಸ್ಟ್ ಹಾಫಿನಲ್ಲಿ ಮೂರು ಒಳ್ಳೆ ಕ್ರಾಸ್ ಹಾಕಿದ, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕೊಟ್ಟ. ಮೂರಕ್ಕೂ ತಲೆ ಕೊಡುವವರು ಬಾಕ್ಸಿನಲ್ಲಿ ಯಾರೂ ಇರಲಿಲ್ಲ.

ಅಷ್ಟಕ್ಕೇ ಲೈನಿನ ಆಚೆ ನಿಂತಿದ್ದ ದೊಡ್ಡವರ ತೀರ್ಪು ಬಂತು. "ಇವನನ್ನ ಸ್ಟ್ರೈಕರ್ ಮಾಡ್ಬೇಕು ಸಾರ್, ಇಷ್ಟು ಸ್ಪೀಡ್ ಇಟ್ಕೊಂಡು ಸೈಡಲ್ಲಿ ಯಾಕೆ?" ಅಂತ ಒಬ್ಬರು. ಸ್ಟ್ರೈಕರ್ ಅಂದರೆ ಮಧ್ಯದಲ್ಲಿ ಮುಂದೆ ನಿಂತು ಗೋಲು ಹೊಡೆಯುವವನು. "ಚೆಟ್ರಿ ಆದ್ಮೇಲೆ ನಮ್ಗೆ ಯಾರಿದ್ದಾರೆ ಹೇಳಿ" ಅಂತ, ಭಾರತದ ಸ್ಟ್ರೈಕರ್ ಆಗಿದ್ದ ಸುನಿಲ್ ಚೆಟ್ರಿಯನ್ನು ನೆನೆದು ಇನ್ನೊಬ್ಬರು. ಕೋಚ್‌ಗೂ ಅದು ಕೇಳಿಸಿತೋ ಏನೋ, ಸೆಕೆಂಡ್ ಹಾಫಿನಲ್ಲಿ ಹುಡುಗನನ್ನು ಮಧ್ಯಕ್ಕೆ ತಂದರು. ಪಾಪ, ಅವನ ಕಾಲು ತಾನಾಗೇ ಬಲಗಡೆ ಲೈನಿಗೆ ಹೋಗುತ್ತಿತ್ತು. ಪ್ರತಿ ಸಲವೂ ಎಲ್ಲರೂ ಸೇರಿ "ಒಳಗೆ ಬಾ, ಒಳಗೆ ಬಾ" ಅಂತ ಕೂಗು. ಇಪ್ಪತ್ತು ನಿಮಿಷದಲ್ಲಿ ಅವನ ಮುಖ ಬಾಡಿತು.

ಸ್ಪೀಡ್ ಇದ್ದರೆ ಸ್ಟ್ರೈಕರ್ ಆಗಬಹುದು ಅನ್ನುವುದು ತಪ್ಪು. ಎರಡೂ ಬೇರೆ ಬೇರೆ ಕೆಲಸ. ವಿಂಗರ್ ಆಟವನ್ನು ಎದುರಿಗೆ ಇಟ್ಟುಕೊಂಡು ಆಡುತ್ತಾನೆ. ಒಂದು ಕಡೆ ಲೈನ್ ಇರುತ್ತದೆ, ಆ ಕಡೆಯಿಂದ ಯಾರೂ ಬರುವುದಿಲ್ಲ, ಓಡಲು ಮುಂದೆ ಜಾಗ ಇರುತ್ತದೆ. ಸ್ಟ್ರೈಕರ್‌ಗೆ ಇದ್ಯಾವುದೂ ಇಲ್ಲ. ಅವನ ಬೆನ್ನು ಗೋಲಿನ ಕಡೆ. ಸ್ಟಾಪರ್, ಅಂದರೆ ಎದುರು ಟೀಮಿನ ಮಧ್ಯದ ಡಿಫೆಂಡರ್, ಹಿಂದಿನಿಂದ ಅಂಟಿಕೊಂಡು ತಳ್ಳುತ್ತಿರುತ್ತಾನೆ. ಚೆಂಡು ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕು ಅಂತ ಗೊತ್ತಿರಬೇಕು. ಕ್ರಾಸ್ ಬರುವಾಗ ಹತ್ತಿರದ ಪೋಸ್ಟಿಗೆ ಹೋಗಲೋ, ದೂರದ ಪೋಸ್ಟಿಗೆ ಜಾರಲೋ, ಇಲ್ಲೇ ನಿಂತುಬಿಡಲೋ ಅನ್ನುವುದನ್ನು ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಎದುರು ಟೀಮ್ ಬಾಕ್ಸ್ ಮುಂದೆ ಗುಂಪಾಗಿ ನಿಂತರೆ ಆ ಸ್ಪೀಡನ್ನು ಎಲ್ಲಿ ಓಡಿಸುತ್ತೀರಿ?

ಇದನ್ನು ಹೇಳಿದ ಕೂಡಲೇ ಫ್ರಾನ್ಸಿನ ಆನ್ರಿ ಹೆಸರು ಬರುತ್ತದೆ. ಇವತ್ತೂ ಬಂತು. ಮೊನಾಕೊ, ಯುವೆಂಟಸ್‌ನಲ್ಲಿ ವಿಂಗ್ ಆಡುತ್ತಿದ್ದ ತಿಯೆರಿ ಆನ್ರಿಯನ್ನು 1999ರಲ್ಲಿ ಇಂಗ್ಲೆಂಡಿನ ಕ್ಲಬ್ ಆರ್ಸೆನಲ್‌ಗೆ ತಂದು ಕೋಚ್ ವೆಂಗರ್ ಸ್ಟ್ರೈಕರ್ ಮಾಡಿದರು, 228 ಗೋಲು ಬಂತು. ನಿಜ. ಆದರೆ ಆನ್ರಿ ಹುಡುಗನಾಗಿದ್ದಾಗ ಸ್ಟ್ರೈಕರ್ ಆಗಿಯೇ ಬೆಳೆದವರು, ವಿಂಗಿಗೆ ಹೋಗಿದ್ದು ಆಮೇಲೆ. ಅವರನ್ನು ಚಿಕ್ಕವಯಸ್ಸಿನಿಂದ ನೋಡಿದ್ದ ವೆಂಗರ್ ಹಳೆ ಜಾಗಕ್ಕೆ ವಾಪಸ್ ತಂದರು ಅಷ್ಟೆ. ಆಗಲೇ ವರ್ಲ್ಡ್ ಕಪ್ ಗೆದ್ದಿದ್ದ ಆಟಗಾರ ಅವರು. ಅಂಥವರಿಗೂ ಅಲ್ಲಿ ಮೊದಲ ಗೋಲು ಸಿಕ್ಕಿದ್ದು ಸೆಪ್ಟೆಂಬರ್ ಅರ್ಧ ಕಳೆದ ಮೇಲೆ. ಅಷ್ಟು ದಿನ ಕಾದರು. ನಮ್ಮ ಗ್ರೌಂಡಿನಲ್ಲಿ 15ರ ಹುಡುಗನಿಗೆ ಇಪ್ಪತ್ತು ನಿಮಿಷವೂ ಕಾಯಲಿಲ್ಲ.

ಅದೇ ಕ್ಲಬ್ಬಿನ ಥಿಯೋ ವಾಲ್ಕಾಟ್ ಕಥೆ ಯಾರೂ ಎತ್ತುವುದಿಲ್ಲ. ಎಂಥ ಸ್ಪೀಡು! 2008ರಲ್ಲಿ ಇಂಗ್ಲೆಂಡ್ ಪರ ಕ್ರೊಯೇಷಿಯಾ ವಿರುದ್ಧ ಅವರದೇ ನೆಲದಲ್ಲಿ ಬಲಗಡೆಯಿಂದ ನುಗ್ಗಿ ಹ್ಯಾಟ್ರಿಕ್ ಹೊಡೆದ ಹುಡುಗ. ತಾನು ಸ್ಟ್ರೈಕರ್ ಆಗಬೇಕು ಅಂತ ವರ್ಷಗಟ್ಟಲೆ ಕೇಳಿಕೊಂಡರು, ಅವಕಾಶವೂ ಸಿಕ್ಕಿತು, 2015ರ ಎಫ್‌ಎ ಕಪ್ ಫೈನಲ್‌ನಲ್ಲಿ ಮಧ್ಯದಲ್ಲೇ ಆಡಿ ಗೋಲೂ ಹೊಡೆದರು, ಆದರೂ ಆ ಜಾಗ ಪೂರ್ತಿ ಅವರದಾಗಲಿಲ್ಲ. 2016ರಲ್ಲಿ ತಾವೇ ಮತ್ತೆ ವಿಂಗಿಗೆ ಬಂದರು. ಮನಸಾರೆ ಬಯಸಿ ಹೋದವರಿಗೇ ಅದು ಅಷ್ಟು ಕಷ್ಟ. ಬೇರೆಯವರ ಕೂಗಿಗೆ ಹೋಗುವ ಹುಡುಗನ ಗತಿ ಏನು?

ಚೆಟ್ರಿ ಜಾಗ ಖಾಲಿ ಅನ್ನುವ ಸಂಕಟ ನನಗೂ ಇದೆ. 2024ರ ಜೂನ್ 6ರಂದು ಕುವೈತ್ ವಿರುದ್ಧ ವಿದಾಯದ ಮ್ಯಾಚ್ 0-0 ಆಗಿ ಅವರು ಅಳುತ್ತಾ ಹೊರಟಾಗ ನಾನೂ ಅತ್ತಿದ್ದೇನೆ. ಆ ವರ್ಷ ಭಾರತ ಒಂದೂ ಮ್ಯಾಚ್ ಗೆಲ್ಲಲಿಲ್ಲ. ಕೊನೆಗೆ 40 ವಯಸ್ಸಿನಲ್ಲಿ ಅವರನ್ನೇ ವಾಪಸ್ ಕರೆಯಬೇಕಾಯಿತು. 2025ರ ಮಾರ್ಚಿನಲ್ಲಿ ಮಾಲ್ಡೀವ್ಸ್ ವಿರುದ್ಧ ಬಂದು ಗೋಲು ಹೊಡೆದರು. ಆದರೆ ಆ ಜಾಗ ಯಾಕೆ ಖಾಲಿಯಾಯಿತು? 2014ರಿಂದ 2025ರವರೆಗೆ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್‌ನ 11 ಸೀಸನ್‌ಗಳಲ್ಲಿ ಒಮ್ಮೆಯೂ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಭಾರತೀಯನಿಗೆ ಸಿಕ್ಕಿಲ್ಲ. ಮಧ್ಯದ ಜಾಗ ಅಂದರೆ ವಿದೇಶಿ ಆಟಗಾರನಿಗೆ ಅನ್ನುವುದು ಕ್ಲಬ್ಬುಗಳಿಗೆ ಅಭ್ಯಾಸ ಆಗಿಹೋಗಿದೆ. ನಮ್ಮ ಬೆಂಗಳೂರು ಎಫ್‌ಸಿಯಲ್ಲೇ 2017-18ರಲ್ಲಿ ಮಧ್ಯದಲ್ಲಿ ವೆನೆಜುವೆಲಾದ ಮಿಕು, ಬಲಕ್ಕೆ ಉದಾಂತ, ಎಡಕ್ಕೆ ಚೆಟ್ರಿ. ಮಿಕು 15 ಗೋಲು, ಚೆಟ್ರಿ 14. ಕಂಠೀರವದಲ್ಲಿ ಕೂತು ಕೂಗಿ ಗಂಟಲು ಹರಿದುಕೊಂಡಿದ್ದೇನೆ, ಆ ಟೀಮಿನ ಮೇಲೆ ನನಗೆ ಕೋಪ ಇಲ್ಲ. ಆದರೂ ನೋಡಿ, ದೇಶದ ಅತ್ಯುತ್ತಮ ಸ್ಟ್ರೈಕರ್ ತನ್ನ ಕ್ಲಬ್ಬಿನಲ್ಲೇ ವಿಂಗಿಗೆ ಸರಿಯಬೇಕಾಯಿತು. ಚೆಟ್ರಿಗಾದರೆ ಎಲ್ಲಿ ನಿಂತರೂ ಗೋಲು ಗೊತ್ತಿತ್ತು. ಬೇರೆ ಹುಡುಗರು? ಸ್ಟ್ರೈಕರ್ ಆಗಬೇಕಾದವರನ್ನೆಲ್ಲ ವಿಂಗಿಗೆ ತಳ್ಳಿ, ಈಗ ವಿಂಗರ್‌ಗಳನ್ನು ಹಿಡಿದು ಮಧ್ಯಕ್ಕೆ ಎಳೆಯುತ್ತಿದ್ದೇವೆ. ಎರಡು ಸಲ ಹಾಳು ಮಾಡಿದ ಹಾಗಲ್ವಾ?

ನನಗೆ ಇಷ್ಟು ಯಾಕೆ ನೋವಾಗುತ್ತದೆ ಅಂತ ಇವತ್ತು ಹೇಳಿಬಿಡುತ್ತೇನೆ. ನಾನು ಲೋಕಲ್ ಲೀಗಿನ ಸಿ ಡಿವಿಷನ್‌ನಲ್ಲಿ ರೈಟ್ ವಿಂಗ್ ಆಡುತ್ತಿದ್ದೆ ಅನ್ನುವುದು ನಿಮಗೆ ಗೊತ್ತು, ಯಾಕೆ ಬಿಟ್ಟೆ ಅನ್ನುವುದು ಗೊತ್ತಿಲ್ಲ. ನನ್ನ 17ನೇ ವಯಸ್ಸಿನಲ್ಲಿ ನಮ್ಮ ಸ್ಟ್ರೈಕರ್ ಮಂಡಿಗೆ ಪೆಟ್ಟಾಯಿತು. ನಾನು ಚೆನ್ನಾಗಿ ಓಡುತ್ತೇನೆ ಅಂತ ಅಲ್ಲಿಗೆ ಹಾಕಿದರು. ಹೇಗೆ ನಿಲ್ಲಬೇಕು, ತೋಳು ಹೇಗೆ ಇಡಬೇಕು, ಯಾರೂ ಒಂದು ದಿನ ಕಲಿಸಲಿಲ್ಲ. ಇಡೀ ಸೀಸನ್‌ನಲ್ಲಿ ಎರಡು ಗೋಲು. ಮುಂದಿನ ವರ್ಷ ಹಳೆ ಸ್ಟ್ರೈಕರ್ ವಾಪಸ್ ಬಂದ, ಅಷ್ಟರಲ್ಲಿ ನನ್ನ ವಿಂಗಿನಲ್ಲಿ ಬೇರೆಯವನು ಕೂತಿದ್ದ. ನನಗೂ ಚೆಂಡು ಕಾಲಿಗೆ ಬಂದರೆ ಭಯ ಶುರುವಾಗಿತ್ತು. 19ಕ್ಕೆ ಬೂಟು ತಮ್ಮನಿಗೆ ಕೊಟ್ಟೆ. ಅಪ್ಪ ಒಂದು ಮಾತೂ ಕೇಳಲಿಲ್ಲ. ಅದಕ್ಕೇ ಇನ್ನೂ ಬೇಜಾರು.

ಇನ್ನೊಂದು ವಿಷಯ ಉಳಿಯಿತು. ಇವತ್ತು ಬೆಂಚಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಹುಡುಗ ಕೂತಿದ್ದ. ಅಷ್ಟೇನೂ ಓಡುವುದಿಲ್ಲ. ಮ್ಯಾಚ್ ಮುಗಿದ ಮೇಲೆ ಗೆಳೆಯರ ಜೊತೆ ಆಡುತ್ತಿದ್ದಾಗ ನೋಡಿದೆ. ಹಿಂದೆ ಇಬ್ಬರು ತಳ್ಳುತ್ತಿದ್ದರೂ ಚೆಂಡನ್ನು ಎದೆಯಲ್ಲಿ ಇಳಿಸಿ ಅಲ್ಲಾಡದೆ ನಿಂತ, ತಿರುಗಿ ಹೊಡೆದ. ಇನ್ನೊಂದು ಸಲವೂ ಹಾಗೇ. ಇಡೀ ಬೆಳಿಗ್ಗೆ ಸ್ಟ್ರೈಕರ್ ಇಲ್ಲ, ಸ್ಟ್ರೈಕರ್ ಇಲ್ಲ ಅಂತ ಮಾತಾಡಿದವರಲ್ಲಿ ಒಬ್ಬರೂ ಆ ಕಡೆ ತಿರುಗಲಿಲ್ಲ, ಆಗಲೇ ಬೈಕ್ ಸ್ಟಾರ್ಟ್ ಮಾಡುತ್ತಿದ್ದರು.

ಕೋಚ್ ಹತ್ತಿರ ಮಾತಾಡಿದ್ದೇನೆ. ಮುಂದಿನ ಭಾನುವಾರ ಮ್ಯಾಚಿಗೆ ಮೊದಲು ಅರ್ಧ ಗಂಟೆ ಆ ಇಬ್ಬರು ಹುಡುಗರನ್ನು ಕೊಡುತ್ತೇನೆ ಅಂದಿದ್ದಾರೆ. ಒಬ್ಬ ಬಲಗಡೆಯಿಂದ ಕ್ರಾಸ್ ಹಾಕುತ್ತಾನೆ, ಇನ್ನೊಬ್ಬ ಬಾಕ್ಸಿನಲ್ಲಿ. ಎಡಗಡೆಯಿಂದ ಕ್ರಾಸ್ ಹಾಕಲು ಮತ್ತು ಸ್ಟಾಪರ್ ಆಗಿ ತಳ್ಳಲು ಇಬ್ಬರು ಬೇಕು. ನಮ್ಮ ಹಳೆ ಟೀಮಿನವರು ಯಾರಾದರೂ ಇದ್ದರೆ ಬನ್ನಿ. ಬೆಳಿಗ್ಗೆ ಆರೂವರೆಗೆ, ಗೇಟ್ ಹತ್ತಿರ ಇರುತ್ತೇನೆ.